ಬೀಗರ ಹೆಸರಿನ ಎರಡು ವಾರ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಟಚಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರು ಹಿಡಿದು ಕರೆಯುವ ಹಿರಿಯರು ಒಬ್ಬೊಬ್ಬರಾಗಿ ಹೋಗಿ, ಕೊನೆಗೆ ಒಡಹುಟ್ಟಿದ ತಮ್ಮನೂ ಗಿರಾಕಿಗಳ ಮುಂದೆ "ಟಚಿಂಗ್ ಅಕ್ಕನ್ನ ಕೇಳಿ" ಎನ್ನುವುದಕ್ಕೆ ಶುರುಮಾಡಿದ್ದ. ಮುಂದಿನ ಕೋಣೆಯಲ್ಲಿ ತಮ್ಮನ ಜೆರಾಕ್ಸ್ ಮತ್ತು ಪಾಸ್‌ಪೋರ್ಟ್ ಫೋಟೋದ ವ್ಯವಹಾರ. ನಡುವೆ ಒಂದು ದಪ್ಪ ಪರದೆ. ಪರದೆಯ ಆಚೆ ಕಿಟಕಿಯಿಲ್ಲದ ಕೋಣೆಯಲ್ಲಿ ಒಂದು ಸ್ಕ್ಯಾನರ್, ಒಂದು ಕಂಪ್ಯೂಟರ್, ಮತ್ತು ಅವಳು.

ಫೋಟೋಗಳಿಗೆ ಟಚಿಂಗ್ ಕೊಡುವ ಈ ಕಸುಬು ಅಪ್ಪನಿಂದ ಬಂದದ್ದು. ಅವರ ಕಾಲದಲ್ಲಿ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮೊಡವೆ, ಕಲೆ, ಸುಕ್ಕು ಮರೆಸುತ್ತಿದ್ದರು. ಶಾಲೆ ಬಿಟ್ಟು ಬಂದವಳು ಅಪ್ಪನ ಭುಜದ ಮೇಲಿಂದ ಬಗ್ಗಿ ನೋಡಿ ನೋಡಿಯೇ ಕಲಿತಳು. "ಮೊದಲು ಕಣ್ಣು ನೋಡು ಮಗಳೇ. ಕಣ್ಣೊಳಗಿನ ಬೆಳಕಿನ ಚುಕ್ಕೆ ಸಿಕ್ತು ಅಂದ್ರೆ ಮುಖ ಸಿಕ್ಕ ಹಾಗೆ" ಎನ್ನುತ್ತಿದ್ದರು ಅವರು. ಪೆನ್ಸಿಲ್ ಹೋಗಿ ಕಂಪ್ಯೂಟರ್ ಬಂದರೂ ಅವಳು ಮೊದಲು ಹುಡುಕುತ್ತಿದ್ದುದು ಅದೇ ಚುಕ್ಕೆಯನ್ನು.

ಬರುತ್ತಿದ್ದ ಕೆಲಸವೆಲ್ಲ ಸತ್ತವರದೇ. ಬದುಕಿರುವವರ ಫೋಟೋ ಹಾಳಾದರೆ ಯಾರೂ ರಿಪೇರಿ ಮಾಡಿಸುವುದಿಲ್ಲ, ಇನ್ನೊಂದು ತೆಗೆಸಿಕೊಳ್ಳುತ್ತಾರೆ. ಸತ್ತವರಿಗೆ ಆ ಅನುಕೂಲವಿಲ್ಲ. ನೀರು ಕುಡಿದ ಮದುವೆ ಫೋಟೋ, ಪರ್ಸಿನಲ್ಲಿ ಮಡಚಿ ಮಡಚಿ ಹಣೆಯ ಮೇಲೆ ಗೆರೆ ಬಿದ್ದ ಮುಖ, ಫಂಗಸ್ ಹಿಡಿದ ಮಗು, ಇವನ್ನೆಲ್ಲ ಜನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದು, ಆಸ್ಪತ್ರೆಗೆ ಸೇರಿಸಿ ಹೋಗುವವರ ಹಾಗೆ ಹಿಂದಿರುಗಿ ಹಿಂದಿರುಗಿ ನೋಡುತ್ತ ಹೋಗುತ್ತಿದ್ದರು. ಅವಳು ಮದುವೆಯಾಗಿರಲಿಲ್ಲ. ಅಂಗಡಿಯ ಮೇಲಿನ ಮನೆಯಲ್ಲಿ ತಮ್ಮನ ಸಂಸಾರದ ಜೊತೆಗಿದ್ದಳು. ಬೆಳಗ್ಗೆ ಮೆಟ್ಟಿಲಿಳಿದರೆ ಸಂಜೆಯವರೆಗೂ ಅವಳಿಗೆ ಸತ್ತವರ ಸಹವಾಸ. ಹೆದರಿಕೆ ಅಂತ ಒಂದು ದಿನವೂ ಆದದ್ದಿಲ್ಲ. ಹೆದರಿಕೆ ಬಂದದ್ದು ಆಮೇಲೆ, ಅವರ ಹೆಸರುಗಳನ್ನು ಮುಟ್ಟಿದ ಮೇಲೆ.

ಹಳೆಯ ಫೋಟೋ ಸರಿಪಡಿಸುವ ಹೊಸ ಸಾಫ್ಟ್‌ವೇರ್ ಒಂದನ್ನು ತಮ್ಮನೇ ಎಲ್ಲಿಂದಲೋ ಪತ್ತೆಮಾಡಿ ಅವಳ ಹೆಸರಿನಲ್ಲಿ ಹಾಕಿಕೊಟ್ಟ. ಎರಡು ವಾರ ಫ್ರೀ ಟ್ರಯಲ್, ಆಮೇಲೆ ವರ್ಷದ ಚಂದಾ ಕಟ್ಟಬೇಕು. ಮೊದಲ ದಿನವೇ ಅವಳು ಬೆರಗಾದಳು. ತಾನು ಎರಡು ದಿನ ಕಣ್ಣು ಕೆಂಪು ಮಾಡಿಕೊಂಡು ಕೂರಬೇಕಿದ್ದ ಬಿರುಕು, ಇದರಲ್ಲಿ ಕಾಫಿ ಆರುವುದರೊಳಗೆ ಮಾಯ. ಹರಿದುಹೋದ ಕೆನ್ನೆಯನ್ನು ಅದು ತಾನಾಗಿ ಊಹಿಸಿ ತುಂಬುತ್ತಿತ್ತು. ಆದರೆ ಎರಡು ವಾರ ಕಳೆದು ಒಂದು ಮಗುವಿನ ಮುಖ ಅರ್ಧ ಮುಗಿದಿದ್ದಾಗ ತೆರೆಯ ಮೇಲೆ ಬೂದು ಬಣ್ಣದ ಚೌಕ ಎದ್ದು, "ನಿಮ್ಮ ಅವಧಿ ಮುಗಿದಿದೆ" ಎಂದಿತು. ಮಗುವಿನ ತಾಯಿ ಮಾರನೆಯ ದಿನ ಬರುವವಳಿದ್ದಳು.

"ಅಯ್ಯೋ, ಅದಕ್ಕ್ಯಾಕೆ ತಲೆ ಕೆಡಿಸ್ಕೊಳ್ತೀಯ?" ಎಂದ ತಮ್ಮ. "ನನ್ನ ನಂಬರ್ ಹಾಕು. ಇನ್ನೆರಡು ವಾರ ಸಿಗುತ್ತೆ."

"ಒಬ್ಬರಿಗೆ ಒಂದೇ ಸಲ ಅಂತ ಬರೆದಿದ್ದಾರಲ್ಲೋ."

"ಒಬ್ಬರಿಗೆ ಒಂದೇ ಸಲ. ನಾನು ಬೇರೆ ಒಬ್ಬ ತಾನೆ?" ಎಂದು ನಕ್ಕ. "ಅದೇನು ಡಬ್ಬದಲ್ಲಿಟ್ಟ ಅಕ್ಕೀನಾ, ನಾವು ಮೊಗೆದ್ರೆ ಅವರಿಗೆ ಕಡಿಮೆ ಆಗೋದಕ್ಕೆ? ಎಷ್ಟು ಮೊಗೆದರೂ ಅಷ್ಟೇ ಇರುತ್ತೆ."

ಮಾತು ಸರಿಯೆನಿಸಿತು. ಯಾರ ಮನೆಯ ಒಲೆಯೂ ಇದರಿಂದ ಆರುವುದಿಲ್ಲ. ತಮ್ಮನ ಹೆಸರಿನಲ್ಲಿ ಎರಡು ವಾರ, ತಮ್ಮನ ಹೆಂಡತಿಯ ಹೆಸರಿನಲ್ಲಿ ಎರಡು ವಾರ. ಅಲ್ಲಿಗೆ ಮನೆಯ ಹೆಸರುಗಳು ಮುಗಿದವು. ಖಾತೆಗೆ ಹೊಸ ಇಮೇಲ್ ಮಾತ್ರ ಸಾಲದು, ಹೊಸ ಮೊಬೈಲ್ ನಂಬರೂ ಬೇಕು. ಅದಕ್ಕೆ ಬರುವ ಓಟಿಪಿ ಹಾಕಿದರೆ ಮಾತ್ರ ಒಳಗೆ ಬಿಡುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಒಬ್ಬ ಬಸ್ ಡ್ರೈವರನ ಫೋಟೋ ಬಂತು. ತೀರಿಕೊಂಡು ತಿಂಗಳಾಗಿತ್ತು. ಒಳ್ಳೆಯ ಫೋಟೋ ಯಾವುದೆಂದು ಮನೆಯವರಲ್ಲಿ ಒಮ್ಮತವಾಗದೆ, "ನೀವೇ ಒಂದು ಆರಿಸಿ" ಎಂದು ಆತನ ಫೋನನ್ನೇ ಬಿಟ್ಟು ಹೋಗಿದ್ದರು. ಫೋನ್ ಚಾರ್ಜ್ ಆಗಿತ್ತು, ಸಿಮ್ ಇನ್ನೂ ಜೀವಂತವಾಗಿತ್ತು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತಳು. ಆಮೇಲೆ, ಇವನ ಮುಖದ ಕೆಲಸಕ್ಕೇ ತಾನೆ ಎಂದು ಸಮಾಧಾನ ಹೇಳಿಕೊಂಡು, ಡ್ರೈವರನ ಹೆಸರು, ನಂಬರು ಒತ್ತಿದಳು. ಸತ್ತವನ ಫೋನು ಅವಳ ಅಂಗೈಯಲ್ಲಿ ಒಮ್ಮೆ ನಡುಗಿ ಓಟಿಪಿ ಕೊಟ್ಟಿತು.

ಅಲ್ಲಿಂದ ಅದು ರೂಢಿಯಾಯಿತು. ಡ್ರೈವರ್ ಆದ ಮೇಲೆ ಒಬ್ಬರು ಟೀಚರ್, ಆಮೇಲೆ ಹೊಲಿಗೆ ಅಜ್ಜಿ. ಕೆಲಸ ಶುರುಮಾಡಿದಾಗಲೆಲ್ಲ ತೆರೆಯ ಬಲಮೂಲೆಯಲ್ಲಿ ಸ್ವಾಗತ ಎಂಬ ಮಾತಿನ ಪಕ್ಕ ಅವರ ಹೆಸರು ಮೂಡುತ್ತಿತ್ತು. ಟೀಚರ ಹೆಸರಿನಲ್ಲಿ ಕುಳಿತು ಯಾರದೋ ಮಗುವಿನ ಮೂಗು ತಿದ್ದುವಾಗ, ಟೀಚರೇ ಬೆನ್ನ ಹಿಂದೆ ನಿಂತು ತಪ್ಪು ಹುಡುಕುತ್ತಿದ್ದಾರೆ ಎನಿಸುತ್ತಿತ್ತು. ಅವಧಿ ಮುಗಿದ ದಿನ ಬರುವ ಸಾಲಂತೂ ಓದಲಾಗುತ್ತಿರಲಿಲ್ಲ. ಹೊಲಿಗೆ ಅಜ್ಜಿಯ ಹೆಸರು ಹಿಡಿದು, "ನಿಮ್ಮ ಅವಧಿ ಮುಗಿದಿದೆ" ಎಂದರೆ ಅಜ್ಜಿಯ ಮುಖಕ್ಕೆ ಹೊಡೆದ ಹಾಗೆ. ಒಂದು ದಿನ ಅವಳು ಆ ಮೂಲೆಗೆ ಕಾಗದದ ತುಂಡೊಂದನ್ನು ಅಂಟಿಸಿಬಿಟ್ಟಳು. ಹೆಸರು ಕಾಣದಂತಾಯಿತು. ಆದರೆ ಕಾಗದದ ಹಿಂದೆ ಅದು ಇದೆಯೆಂಬುದು ಮೊದಲಿಗಿಂತ ಹೆಚ್ಚಾಗಿ ಕಾಡತೊಡಗಿತು.

ಆಮೇಲೆ ಬಂದವರು ಬೀಗರು.

ಬೀಗ ರಿಪೇರಿ, ಕೀ ಮಾಡುವುದು ಅವರ ಉದ್ಯೋಗ. ಹೆಣ್ಣು ಕೊಡದೆ ಗಂಡು ತರದೆ ಇಡೀ ಬೀದಿಗೆ ಬೀಗರಾದವರು ಎಂದು ಜನ ತಮಾಷೆ ಮಾಡುತ್ತಿದ್ದರು. ಅವರ ಹೆಂಡತಿಗೆ ಬೀಗಿತ್ತಿ ಎಂಬ ಹೆಸರು ತಾನಾಗಿ ಬಂದಿತ್ತು. ಮಕ್ಕಳಿರಲಿಲ್ಲ. ಎದೆನೋವು ಎಂದು ತಮ್ಮದೇ ಕೀ ಅಂಗಡಿಯ ಬಾಗಿಲಲ್ಲಿ ಕುಳಿತವರು ಮೇಲೇಳಲಿಲ್ಲ. ಬೀಗಿತ್ತಿ ಅವರ ಫೋನನ್ನು ಸೆರಗಿನಲ್ಲಿ ಸುತ್ತಿ ತಂದುಕೊಟ್ಟು, "ಜೋಪಾನ ಅಮ್ಮ. ನಂಬರ್ ಸಾಯೋದು ಬೇಡ ಅಂತ ರೀಚಾರ್ಜ್ ಮಾಡಿಸ್ತಾ ಇದ್ದೀನಿ. ಇನ್ನೂ ಗಿರಾಕಿಗಳು ಫೋನ್ ಮಾಡ್ತಾರೆ, ಅವರು ಇಲ್ಲ ಅಂತ ಹೇಳ್ತೀನಿ. ಹೇಳ್ತಾ ಹೇಳ್ತಾ ಅಭ್ಯಾಸ ಆಗ್ಲಿ ಅಂತ" ಎಂದಿದ್ದರು.

ಆ ನಂಬರನ್ನೂ ಅವಳು ಬಿಡಲಿಲ್ಲ. ಬೀಗರ ಮುಖ ಬೇಗ ಮುಗಿಯಿತು. ಫೋನು, ಫೋಟೋ ಎರಡನ್ನೂ ಬೀಗಿತ್ತಿಗೆ ಒಪ್ಪಿಸಿಯೂ ಆಯಿತು. ಖಾತೆಯಲ್ಲಿ ಮಾತ್ರ ಇನ್ನೂ ದಿನಗಳಿದ್ದವು, ಕೈಯಲ್ಲಿ ಬೇರೆ ಕೆಲಸವಿರಲಿಲ್ಲ. ಆಗ ಅವಳು ಬಹಳ ವರ್ಷಗಳಿಂದ ಮುಟ್ಟದೆ ಇಟ್ಟಿದ್ದ ಒಂದು ಫೋಟೋವನ್ನು ಹೊರಗೆ ತೆಗೆದಳು. ಅಮ್ಮನದು.

ತಮ್ಮ ಹುಟ್ಟಿದ ವರ್ಷವೇ ಅಮ್ಮ ಹೋಗಿದ್ದಳು. ಅಕ್ಕನಿಗೆ ನೆನಪಿದ್ದುದು ಒದ್ದೆ ಕೈಯೊಂದರ ತಂಪು ಅಷ್ಟೇ, ಮುಖವಲ್ಲ. ಇದ್ದ ಒಂದೇ ಫೋಟೋ ಗೋಡೆಯ ತೇವಕ್ಕೆ ಫ್ರೇಮಿನ ಗಾಜಿಗೆ ಅಂಟಿಕೊಂಡು, ಕಿತ್ತಾಗ ಎಡಗಡೆಯ ಅರ್ಧ ಮುಖ ಗಾಜಿನ ಜೊತೆಗೇ ಹೋಗಿತ್ತು. ಊರಿನ ಮುಖಗಳನ್ನೆಲ್ಲ ಸರಿಮಾಡಿದ ಅಪ್ಪ ಅದೊಂದನ್ನು ಮಾತ್ರ ಕೈಯಲ್ಲಿ ಹಿಡಿದು ಹಿಡಿದು ಕೆಳಗಿಡುತ್ತಿದ್ದರು.

ಸಾಫ್ಟ್‌ವೇರ್ ನಿಧಾನವಾಗಿ ಇಲ್ಲದ ಕೆನ್ನೆಯನ್ನು ತುಂಬುತ್ತ ಬಂತು. ಹುಬ್ಬು ಬಂತು, ಕಿವಿಯ ಅಂಚು ಬಂತು. ಅವಳಿಗಿಂತ ಎಷ್ಟೋ ಚಿಕ್ಕವಳಾದ ಒಬ್ಬ ಹೆಂಗಸು ತೆರೆಯ ಮೇಲೆ ಎದ್ದು ನಿಂತು ಅವಳನ್ನೇ ನೋಡಿದಳು. ತಮ್ಮನನ್ನು ಕರೆದು ತೋರಿಸಿದರೆ ಅವನು, "ಹೌದು ಕಣೇ, ಅಮ್ಮನೇ" ಎಂದ. ಅಮ್ಮನನ್ನು ಕಂಡೇ ಇರದವನು. ಅವಳಿಗೆ ಮಾತ್ರ ಬೇರೆಯೇ ಕಂಡಿತು. ಬಲಗಡೆ ಅಮ್ಮ, ಎಡಗಡೆ ಯಾರೋ. ಎಡಗಣ್ಣಿನಲ್ಲಿ ಬೆಳಕಿನ ಚುಕ್ಕೆ ಇರಲಿಲ್ಲ. ಅದನ್ನು ಇಡುವ ಮೊದಲೇ ಬೂದು ಚೌಕ ಎದ್ದು, ಬೀಗರ ಅವಧಿ ಮುಗಿಯಿತು.

ಆಮೇಲೆ ಅವಳು ಕೆಲವು ಕಾಲ ಆ ಸಾಫ್ಟ್‌ವೇರಿನ ತಂಟೆಗೇ ಹೋಗಲಿಲ್ಲ.

ಎರಡು ತಿಂಗಳು ಕಳೆದಿರಬಹುದು. ಒಂದು ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ತಮ್ಮ ಯಾರಿಗೋ ಸಮಾಧಾನ ಹೇಳುತ್ತಿರುವುದು ಕೇಳಿಸಿತು. "ಅದು ಜಾಹೀರಾತಿನ ಮೆಸೇಜ್ ಕಣಮ್ಮ. ಎಲ್ಲರಿಗೂ ಬರುತ್ತೆ, ಅಳಿಸಿಬಿಡಿ."

"ಜಾಹೀರಾತಾದ್ರೆ ಅವರ ಹೆಸರು ಯಾಕಿರುತ್ತೆ? ಇವಳ ಫೋಟೋ ಯಾಕಿರುತ್ತೆ?" ಎಂದಿತು ಬೀಗಿತ್ತಿಯ ದನಿ. ತಮ್ಮ ಉತ್ತರಿಸುವ ಮೊದಲೇ ಪರದೆ ಸರಿಯಿತು. ಬೀಗಿತ್ತಿ ಸೊರಗಿಹೋಗಿದ್ದರು. ಬಂದವರೇ ಫೋನನ್ನು ಮೇಜಿನ ಮೇಲಿಟ್ಟು, "ಓದಿ" ಎಂದರು.

ಬೀಗರ ಪೂರ್ತಿ ಹೆಸರು. ಅದರ ಕೆಳಗೆ, "ನೀವಿಲ್ಲದೆ ಬೇಸರವಾಗಿದೆ. ಅರ್ಧಕ್ಕೆ ಬಿಟ್ಟು ಹೋದ ಚಿತ್ರ ನಿಮಗಾಗಿ ಕಾಯುತ್ತಿದೆ. ಮರಳಿ ಬನ್ನಿ." ಅದರ ಕೆಳಗೆ ಅಮ್ಮ.

"ನಿಮಗೆ ಮುಖದ ವಿಷಯ ಗೊತ್ತಿರುತ್ತೆ" ಎಂದರು ಬೀಗಿತ್ತಿ. "ಇವಳ ಅರ್ಧ ಮುಖ ಸರಿಯಾಗಿದೆ, ಅರ್ಧ ಒಂಥರಾ ಇದೆ. ಪೂರ್ತಿ ಸರಿ ಮಾಡಿಕೊಡಿ. ಒಂದು ಸಲ ಕಣ್ತುಂಬ ನೋಡ್ಬೇಕು. ಎಲ್ಲೋ ನೋಡಿದ ಹಾಗೂ ಅನ್ಸುತ್ತೆ." ಹಾಗೆನ್ನುತ್ತ ಅವರ ಕಣ್ಣು ಅಕ್ಕನ ಮುಖದ ಮೇಲೆ ನಿಂತು, ಏನೂ ಹೊಳೆಯದೆ ಮತ್ತೆ ಫೋನಿಗೆ ಇಳಿಯಿತು. "ಮೂವತ್ತು ವರ್ಷ ಸಂಸಾರ ಮಾಡಿದೆ ತಾಯಿ. ಒಂದು ದಿನ ಹೊತ್ತು ಮೀರಿ ಮನೆಗೆ ಬಂದವರಲ್ಲ. ಇವಳ ವಿಷಯ ಅವರ ತಂಗಿಗೆ ಗೊತ್ತಿತ್ತು ಅಂತ ಕಾಣುತ್ತೆ, ನನ್ನಿಂದ ಮುಚ್ಚಿಟ್ಟಿದ್ದಾಳೆ. ಮೊನ್ನೆ ಬಂದಿದ್ಲು. ಬಾಯಿಗೆ ಬಂದದ್ದೆಲ್ಲ ಅಂದು ಕಳಿಸಿದೆ."

ಆಗ ಹೇಳಬೇಕಿತ್ತು. ಬಾಯಿ ತೆರೆದದ್ದೂ ಹೌದು. ಆದರೆ ಹೊರಗೆ ಬಂದ ಮಾತು, "ನೋಡೋಣ, ಬಿಟ್ಟು ಹೋಗಿ" ಎಂಬುದು.

ಅಲ್ಲಿಂದ ಅವಳಿಗೆ ಅನ್ನ ಸೇರಲಿಲ್ಲ. ಫೋನು ಮೇಜಿನ ಮೇಲೆ ಮಲಗಿರುತ್ತಿತ್ತು. ಆಗಾಗ ಹಳೆಯ ಗಿರಾಕಿ ಯಾರಾದರೂ ಫೋನ್ ಮಾಡಿದರೆ ಅದು ಮೇಜನ್ನೇ ನಡುಗಿಸುತ್ತಿತ್ತು. ಅವಳು ಎತ್ತುತ್ತಿರಲಿಲ್ಲ. ಎತ್ತಿದರೆ ಆ ಕಡೆಯಿಂದ ಬೀಗರೇ "ನನ್ನ ಹೆಸರು ಕೊಡಮ್ಮ" ಎಂದಾರು ಎನ್ನುವ ಭಯ. ಒಂದು ಸಲ ಕರೆ ಅಲ್ಲ, ಮತ್ತೆ ಅದೇ ಮೆಸೇಜು ಬಂತು. ನೀವಿಲ್ಲದೆ ಬೇಸರವಾಗಿದೆ. ಈ ಸಲ ಅದು ಯಂತ್ರದ ಮಾತಾಗಿ ಕೇಳಿಸಲಿಲ್ಲ. ಎಡಗಣ್ಣಿನಲ್ಲಿ ಬೆಳಕಿಲ್ಲದ ಅಮ್ಮ ಸತ್ತವನೊಬ್ಬನನ್ನು ಕೂಗಿ ಕರೆಯುತ್ತಿದ್ದಾಳೆ, ಕರೆಯುವುದಕ್ಕೆ ಹಚ್ಚಿದವಳು ತಾನು ಎನಿಸಿ, ಅವಳು ಎದ್ದು ಹೊರಗೆ ಬಂದು ಜೆರಾಕ್ಸ್ ಮೆಷಿನ್ ಪಕ್ಕ ನಿಂತುಬಿಟ್ಟಳು.

ಅಲ್ಲಿ ಒಬ್ಬ ವಕೀಲರು ಕಾಗದಗಳ ಪ್ರತಿ ತೆಗೆಸುತ್ತಿದ್ದರು. ವಾರಕ್ಕೊಮ್ಮೆ ಬರುವವರು, ಮಾತಿನ ಮನುಷ್ಯ.

"ಸಾರ್, ಒಂದು ವಿಷಯ ಕೇಳ್ಲಾ? ನನ್ನ ಪರಿಚಯದವರೊಬ್ಬರಿದ್ದಾರೆ..." ಎಂದು ಶುರುಮಾಡಿದಳು.

"ಪರಿಚಯದವರ ಕೇಸೇ ನಮ್ಮ ಹತ್ರ ಜಾಸ್ತಿ ಬರೋದು. ಹೇಳಿ" ಎಂದು ನಕ್ಕರು ವಕೀಲರು.

ಅವಳು ಫ್ರೀ ಟ್ರಯಲ್ ವಿಷಯ ಹೇಳಿದಳು. ವಕೀಲರು ಕಾಗದ ಜೋಡಿಸುತ್ತಲೇ, "ಎಲ್ಲರೂ ಮಾಡ್ತಾರೆ. ಹಾಗಂತ ಸರಿ ಅಂತಲ್ಲ" ಎಂದರು. "ಖಾತೆ ತೆಗೆಯುವಾಗ ಒಪ್ಪಿದ್ದೇನೆ ಅಂತ ಒತ್ತುತ್ತೀರಲ್ಲ, ಅದು ಮಾತು ಕೊಟ್ಟ ಹಾಗೆ. ಒಬ್ಬರೇ ಮೂರು ಸಲ ಬಂದ್ರೆ ಮಾತು ಮುರಿದ ಹಾಗೆ. ಕಂಪನಿ ಖಾತೆ ಮುಚ್ಚಬಹುದು, ದುಡ್ಡು ಕೇಳಬಹುದು. ಇಂಥ ಸಣ್ಣ ವಿಷಯಕ್ಕೆ ಕೋರ್ಟಿಗೆ ಬರೋದು ಕಡಿಮೆ."

"ಬೇರೆಯವರ ಹೆಸರಲ್ಲಿ ಹೋದ್ರೆ?"

"ಅವರಿಗೆ ಗೊತ್ತಿದ್ದಾ, ಗೊತ್ತಿಲ್ಲದೆಯಾ?"

"ಅವರು ಇಲ್ಲ ಸಾರ್. ತೀರಿಕೊಂಡಿದ್ದಾರೆ" ಎಂದಳು.

ವಕೀಲರು ಕಾಗದದಿಂದ ತಲೆಯೆತ್ತಿದರು. ನಗು ಇರಲಿಲ್ಲ. "ಅಲ್ಲಿಗೆ ಬಣ್ಣವೇ ಬದಲಾಯ್ತಲ್ಲಮ್ಮ. ಇನ್ನೊಬ್ಬರ ಹೆಸರು, ಇನ್ನೊಬ್ಬರ ಫೋನು, ನಾನೇ ಅವರು ಅಂತ ನಂಬಿಸೋದು. ಅದನ್ನ ಷರತ್ತು ಮುರಿದದ್ದು ಅನ್ನಲ್ಲ, ವಂಚನೆ ಅಂತಾರೆ. ಸತ್ತವರು ಬಂದು ದೂರು ಕೊಡಲ್ಲ ನಿಜ, ಮನೆಯವರಿರ್ತಾರಲ್ಲ." ಕಾಗದದ ಕಟ್ಟು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟವರು ಬಾಗಿಲಲ್ಲಿ ನಿಂತು, "ನಿಮ್ಮ ಪರಿಚಯದವರಿಗೆ ಹೇಳಿ, ಮನೆಯವರಿಗೆ ಬೇರೆ ಕಡೆಯಿಂದ ಗೊತ್ತಾಗೋ ಮೊದಲು ತಾವಾಗೇ ಹೋಗಿ ಹೇಳೋದು ಒಳ್ಳೇದು ಅಂತ" ಎಂದರು.

ತಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದ. ವಕೀಲರು ಮರೆಯಾದದ್ದೇ, "ನಿನಗೇನು ಹುಚ್ಚಾ?" ಎಂದ. "ಏನೂ ಹೇಳೋದು ಬೇಡ. ಯಾವುದೋ ಕಂಪನಿಯವರು ತಪ್ಪಾಗಿ ಕಳಿಸಿದ್ದಾರೆ ಅಂದುಬಿಡು. ಅಂಗಡಿ ಮರ್ಯಾದೆ ಏನಾಗುತ್ತೆ ಯೋಚನೆ ಮಾಡಿದ್ದೀಯಾ? ನಾಳೆ ಯಾರು ನಂಬಿ ಫೋನ್ ಬಿಟ್ಟು ಹೋಗ್ತಾರೆ?"

"ಬಿಟ್ಟು ಹೋಗಬಾರದು ಕಣೋ" ಎಂದಳು ಅಕ್ಕ. "ನಮ್ಮಂಥವರ ಹತ್ರ ಬಿಟ್ಟು ಹೋಗಬಾರದು."

ಬೀಗಿತ್ತಿಯ ಮನೆ ಎರಡು ಬೀದಿ ಆಚೆ. ಅವಳು ಹೋದಾಗ ಬೀಗಿತ್ತಿ ಬಟ್ಟೆ ಮಡಚುತ್ತಿದ್ದರು. ಒಳಗೆ ಗೋಡೆಯ ಮೇಲೆ, ಅವಳೇ ತಿದ್ದಿಕೊಟ್ಟ ಫೋಟೋ ಬೆನ್ನು ತಿರುಗಿಸಿ ನಿಂತಿತ್ತು. ಕಂದು ರಟ್ಟು, ನಾಲ್ಕು ಮೊಳೆ ಮಾತ್ರ ಕಾಣುತ್ತಿತ್ತು. ಅದನ್ನು ನೋಡಿದ ಮೇಲೆ ಪೀಠಿಕೆ ಹಾಕಿ ಹೇಳೋಣವೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಉದುರಿಹೋಯಿತು.

"ಅವಳು ನಮ್ಮಮ್ಮ" ಎಂದಳು.

ಬೀಗಿತ್ತಿ ಮಡಚುತ್ತಿದ್ದ ಅಂಗಿ ಕೈಯಲ್ಲೇ ಉಳಿಯಿತು. "ನಿಮ್ಮಮ್ಮನಿಗೂ ಇವರಿಗೂ..."

"ಅಯ್ಯೋ, ಇಲ್ಲ! ನಮ್ಮಮ್ಮ ಸತ್ತಾಗ ಇವರು ಚಡ್ಡಿ ಹಾಕೋ ಹುಡುಗ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ನಾನು... ಇಬ್ಬರನ್ನೂ ಒಂದೇ ಕಡೆ ಕೂಡಿಸಿದವಳು ನಾನು."

ಆಮೇಲೆ ನಿಂತಲ್ಲೇ ಎಲ್ಲ ಹೇಳಿದಳು. ಟ್ರಯಲ್ ಅಂದರೆ ಏನು, ಓಟಿಪಿ ಹೇಗೆ ಬಂತು, ಯಾರ ಹೆಸರಿನಲ್ಲಿ ಯಾರ ಮುಖ ತಿದ್ದಿದಳು, ಎಲ್ಲವನ್ನೂ. ಕೇಳಿ ಮುಗಿದ ಮೇಲೆ ಬೀಗಿತ್ತಿ ಅಂಗಿಯನ್ನು ನಿಧಾನವಾಗಿ ಮಡಚಿ ಕೆಳಗಿಟ್ಟರು.

"ಬಾಡಿಗೆಗಿದ್ದೋರೊಬ್ಬರು ಒಂದು ಸಲ ಓನರ್ ಮನೆ ಕೀನ ಸೋಪಿನ ಮೇಲೆ ಒತ್ತಿ ತಂದಿದ್ರು, ಇದಕ್ಕೊಂದು ಕೀ ಮಾಡಿಕೊಡಿ ಅಂತ" ಎಂದರು. "ಮೂರರಷ್ಟು ಕೊಡ್ತೀವಿ ಅಂದ್ರು. ನಮ್ಮವರು ಆ ಸೋಪಿನ ಮೇಲೆ ನೀರು ಸುರಿದು, ಇಲ್ಲೇ ಕೈ ತೊಳ್ಕೊಂಡು ಹೋಗಿ ಅಂದ್ರು. ಬೇರೆಯವರ ಕೀ ಯಾರಿಗೂ ಮಾಡಿಕೊಟ್ಟವರಲ್ಲ. ನೀವು ಅವರ ಹೆಸರನ್ನೇ ಕೀ ಮಾಡ್ಕೊಂಡ್ರಲ್ಲಮ್ಮ."

"ಇನ್ನೊಂದು ಹೇಳ್ಲಾ?" ಬೀಗಿತ್ತಿ ದನಿ ಇಳಿಸಿದರು. "ಈ ಮೆಸೇಜ್ ಬಂದಾಗಿನಿಂದ ನಾನು ಅವರ ಜೊತೆ ಜಗಳ ಆಡ್ತಾ ಇದ್ದೆ. ಬೆಳಗ್ಗೆ ಎದ್ದರೆ ಜಗಳ, ಪಾತ್ರೆ ತೊಳೀತಾ ಜಗಳ. ಗೋಡೆ ಕಡೆ ತಿರುಗಿಸಿ ನಿಲ್ಲಿಸಿ ಬೈದಿದ್ದೀನಿ. ಅವರು ಹೋದ ಮೇಲೆ ಮೊದಲನೇ ಸಲ ಮನೇಲಿ ಒಬ್ಬರು ಇದ್ದ ಹಾಗಿತ್ತು. ಈಗ ನೀವು ಬಂದು, ಅವರು ತಪ್ಪೇ ಮಾಡಿಲ್ಲ ಅಂತೀರಿ. ಇನ್ನು ಯಾರ ಜೊತೆ ಆಡ್ಲಿ?"

ಮಾತು ಮುಗಿಸಿ ಅವರು ಸ್ಟೂಲು ಹತ್ತಿ ಫೋಟೋವನ್ನು ಮತ್ತೆ ಮುಂದಕ್ಕೆ ತಿರುಗಿಸಿದರು. ಸ್ಟೂಲು ಒಂದು ಕಡೆಗೆ ವಾಲಿತು. ಅಕ್ಕ ಹಿಡಿದುಕೊಳ್ಳಲು ಹೋದರೆ, "ನೀವು ಮುಟ್ಟಬೇಡಿ" ಎಂದರು. ಅವಳು ತಂದಿದ್ದ ಫೋನನ್ನು ಬಾಗಿಲ ಬಳಿ ಇಟ್ಟು ಬಂದಳು.

ಅದೇ ವಾರ ಅವಳು ಸಾಫ್ಟ್‌ವೇರ್ ಕಂಪನಿಗೆ ಬರೆದಳು. ಯಾವ ಯಾವ ಖಾತೆ ತನ್ನದು, ಅವುಗಳಲ್ಲಿ ಯಾವುದೆಲ್ಲ ಸತ್ತವರ ಹೆಸರಿನದು, ಆ ಮನೆಗಳಿಗೆ ಇನ್ನು ಮೆಸೇಜ್ ಕಳಿಸಬೇಡಿ ಎಂದು. ತಮ್ಮ ಹಣೆ ಚಚ್ಚಿಕೊಂಡ. "ಕಳ್ಳನೇ ಪೊಲೀಸಿಗೆ ಫೋನ್ ಮಾಡಿ ಮನೆಗೆ ದಾರಿ ಹೇಳಿದ ಹಾಗಾಯ್ತು!" ಎರಡು ದಿನ ಮಾತು ಬಿಟ್ಟ. ಆದರೆ ಕಂಪನಿಯಿಂದ ಬಂದ ಉತ್ತರದಲ್ಲಿ ಬೆದರಿಕೆ ಇರಲಿಲ್ಲ. ಯಾರೋ ಒಬ್ಬರು ಕೂತು ಬರೆದಿದ್ದರು. ನಾವು ಇಡೀ ಕಂಪನಿಯೆಂದರೆ ನಾಲ್ಕು ಜನ, ಟ್ರಯಲ್ ಕೊಡುವುದು ನಂಬಿಕೆಯ ಮೇಲೆ, ನೀವು ಹೇಳಿದ ಖಾತೆಗಳನ್ನೆಲ್ಲ ಅಳಿಸಿದ್ದೇವೆ, ಒಳಗಿದ್ದ ಚಿತ್ರಗಳೂ ಅದರೊಂದಿಗೆ ಹೋಗಿವೆ, ಮುಂದೆ ಬಳಸುವುದಾದರೆ ನಿಮ್ಮ ಹೆಸರಿನಲ್ಲೇ ಚಂದಾ ಕಟ್ಟಿ ಬಳಸಿ ಎಂದಿತ್ತು. ಕೊನೆಯಲ್ಲಿ, ಮೆಸೇಜಿನ ಆ ಸಾಲನ್ನು ಬರೆದದ್ದು ನಾನೇ, ಓದುವವರು ಯಾರಿರಬಹುದು ಎಂದು ಯೋಚಿಸಿರಲಿಲ್ಲ, ಕ್ಷಮಿಸಿ ಎಂದೂ ಇತ್ತು.

ಡಬ್ಬದ ಅಕ್ಕಿ ಎಂದಿದ್ದ ತಮ್ಮನೂ ಅದನ್ನು ಓದಿದ. ಆ ತಿಂಗಳ ಕೊನೆಗೆ ಚಂದಾ ಕಟ್ಟಿದವನು ಅವನೇ.

ಉಳಿದ ಮನೆಗಳಿಗೂ ಅವಳು ಹೋದಳು. ಟೀಚರ ಮಗಳು ಕೇಳಿ ಬಿದ್ದು ಬಿದ್ದು ನಕ್ಕಳು. "ನಮ್ಮಮ್ಮನಿಗೆ ಮೊಬೈಲಲ್ಲಿ ಫೋಟೋ ತೆಗೆಯೋಕೇ ಬರ್ತಿರಲಿಲ್ಲ!" ಎಂದವಳು ನಗುತ್ತಲೇ ಅತ್ತಳು. ಹೊಲಿಗೆ ಅಜ್ಜಿಯ ಮಗ, "ಅಳಿಸಿಬಿಟ್ರಾ? ಇರಲಿ ಅಂತ ಬಿಡಬಹುದಿತ್ತು. ಎಲ್ಲಾದರೂ ಒಂದು ಕಡೆ ಅಮ್ಮನ ಹೆಸರು ಕೆಲಸ ಮಾಡ್ತಾ ಇದೆ ಅಂದ್ಕೊಳ್ತಿದ್ದೆ" ಎಂದ. ಬಸ್ ಡ್ರೈವರನ ಮನೆಯವರು ಊರು ಬಿಟ್ಟಿದ್ದರು. ಅವನ ನಂಬರಿಗೆ ಫೋನ್ ಮಾಡಿದಳು. ಅತ್ತ ಕಡೆ ಒಂದು ಚಿಕ್ಕ ಹುಡುಗಿಯ ದನಿ "ಯಾರು ಬೇಕಿತ್ತು?" ಎಂದಿತು. ನಂಬರ್ ಬೇರೆ ಯಾರಿಗೋ ಹೋಗಿತ್ತು. ಯಾರು ಬೇಕಿತ್ತೆಂದು ಹೇಳಲಾಗದೆ ಅವಳು ಇಟ್ಟುಬಿಟ್ಟಳು. ಆ ಮನೆಗೂ ಮೆಸೇಜ್ ಹೋಗಿತ್ತೇ, ಹೋಗಿದ್ದರೆ ಯಾರು ಓದಿದರು, ಏನೆಂದುಕೊಂಡರು? ಅದು ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಚಂದಾ ಕಟ್ಟಿ ಮತ್ತೆ ತನ್ನ ಹೆಸರಿನಲ್ಲಿ ಒಳಗೆ ಹೋದ ಮೊದಲ ದಿನ ಅವಳು ಅಮ್ಮನ ಫೋಟೋವನ್ನೇ ಮತ್ತೆ ಹಾಕಿದಳು. ಸಾಫ್ಟ್‌ವೇರ್ ಕೆನ್ನೆ ತುಂಬಿತು, ಹುಬ್ಬು ಬರೆಯಿತು. ಮುಗಿದಾಗ ಎಡಗಡೆ ಇದ್ದದ್ದು ಬೇರೆ ಹೆಂಗಸು. ಮೊದಲ ಸಲದವಳಲ್ಲ. ಮತ್ತೆ ಮಾಡಿದಳು, ಮತ್ತೊಬ್ಬಳು ಬಂದಳು. ಯಾರನ್ನು ಉಳಿಸಿಕೊಳ್ಳುವುದು? ಅವಳು ಎಲ್ಲರನ್ನೂ ಅಳಿಸಿ, ಹರಿದ ಫೋಟೋವನ್ನು ಹಾಗೆಯೇ ಕವರಿಗೆ ಹಾಕಿಟ್ಟಳು. ಅಪ್ಪ ಅದನ್ನು ಯಾಕೆ ಕೆಳಗಿಡುತ್ತಿದ್ದರೆಂದು ಆಗ ಅರ್ಥವಾಯಿತು.

ಇಷ್ಟಕ್ಕೆ ಮುಗಿಯಿತೆಂದುಕೊಂಡಿದ್ದಾಗ ಬೀಗಿತ್ತಿ ಒಂದು ಮಧ್ಯಾಹ್ನ ಅಂಗಡಿಯ ಮೆಟ್ಟಿಲ ಬಳಿ ಬಂದು ನಿಂತರು. ಒಳಗೆ ಬರಲಿಲ್ಲ.

"ನಡೀರಿ" ಎಂದರು. "ನನಗೆ ಹೇಳಿದ್ದು ಸಾಲದು. ನಮ್ಮ ನಾದಿನಿಗೂ ಹೇಳಬೇಕು. ನಾನು ಹೋದ್ರೆ ಬಾಗಿಲು ತೆಗೀತಿಲ್ಲ."

ದಾರಿಯುದ್ದಕ್ಕೂ ಬೀಗಿತ್ತಿ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಇವಳು ಸಮಕ್ಕೆ ಬಂದರೆ ನಡಿಗೆ ಜೋರು ಮಾಡುತ್ತಿದ್ದರು. ನಾದಿನಿಯ ಮನೆ ಒಂದು ಕಟ್ಟಡದ ಮೂರನೆಯ ಮಹಡಿ. ಕರೆಗಂಟೆ ಒತ್ತಿ ಬೀಗಿತ್ತಿ ಪಕ್ಕಕ್ಕೆ ಸರಿದು ನಿಂತರು, ಬಾಗಿಲ ಕಿಂಡಿಯಲ್ಲಿ ಟಚಿಂಗ್ ಅಕ್ಕ ಮಾತ್ರ ಕಾಣುವ ಹಾಗೆ.

ಬಾಗಿಲು ತೆರೆದಾಗ ಬೀಗರದೇ ಮೂಗು, ಬೀಗರದೇ ಹಣೆ. ಅವಳೇ ತಿದ್ದಿದ ಮುಖ ಹೆಣ್ಣಾಗಿ ಎದುರು ನಿಂತಂತೆ ಕಂಡು ಟಚಿಂಗ್ ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಹೊಸ್ತಿಲ ಹೊರಗೇ ನಿಂತು ಇನ್ನೊಮ್ಮೆ ಎಲ್ಲ ಹೇಳಿದಳು. ನಾದಿನಿ ಕೇಳುತ್ತಲೇ ಗೋಡೆಯ ಮರೆಯಲ್ಲಿದ್ದ ಅತ್ತಿಗೆಯನ್ನು ನೋಡಿದಳು.

"ಯಾರು ಅವಳು? ತೋರಿಸಿ ನೋಡೋಣ" ಎಂದಳು. "ಯಾರಿಗೋಸ್ಕರ ನಾನು ಅಷ್ಟು ಮಾತು ಕೇಳಿದೆ ಅಂತ ನನಗೂ ಗೊತ್ತಾಗ್ಲಿ."

ಬೀಗಿತ್ತಿ ಸೆರಗಿನಿಂದ ಫೋನ್ ತೆಗೆದು ಮೆಸೇಜ್ ತೆರೆದು ಹಿಡಿದರು. ಸಾಲು ಹಾಗೆಯೇ ಇತ್ತು. ಕೆಳಗೆ ಮುಖವಿದ್ದ ಜಾಗದಲ್ಲಿ ಖಾಲಿ ಚೌಕ ಮಾತ್ರ. ಬೀಗಿತ್ತಿ ಬೆರಳಿನಿಂದ ಒತ್ತಿದರು, ಮತ್ತೊಮ್ಮೆ ಒತ್ತಿದರು. ಖಾತೆ ಅಳಿಸಿದ್ದಾರೆಂದು ಟಚಿಂಗ್ ಅಕ್ಕ ಮೆಲ್ಲಗೆ ಹೇಳಿದಳು.

"ಇಲ್ಲಿ ಯಾರೂ ಇಲ್ಲವಲ್ಲ ಅತ್ತಿಗೆ" ಎಂದಳು ನಾದಿನಿ.

"ಇದ್ಲು ಕಣೇ."

"ಇವರು ಸುಳ್ಳು ಹೆಸರು ಹಾಕಿದ್ರು, ಒಪ್ಪಿದೆ. ಗೊತ್ತಿಲ್ಲದ ಜನ, ಅವರ ಹೊಟ್ಟೆಪಾಡು. ನೀನು ನಂಬಿದೆಯಲ್ಲ? ಅಣ್ಣನ ಜೊತೆ ಅಷ್ಟು ವರ್ಷ ಇದ್ದವಳು, ಒಂದು ಮೆಸೇಜಿಗೆ ನಂಬಿಬಿಟ್ಟೆಯಲ್ಲ?"

ಬೀಗಿತ್ತಿ ಫೋನನ್ನು ಎದೆಗೆ ಒತ್ತಿಕೊಂಡು ನಿಂತರು. ನಾದಿನಿ ಬಾಗಿಲಿನಿಂದ ಸ್ವಲ್ಪ ಸರಿದಳು. ಒಬ್ಬರು ಒಳಗೆ ಹೋಗುವಷ್ಟು ಜಾಗ. ಬೀಗಿತ್ತಿ ಒಳಗೆ ಹೋದರು. ಬಾಗಿಲು ಮುಚ್ಚಿತು.

ಟಚಿಂಗ್ ಅಕ್ಕ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಕಿವಿಗೊಟ್ಟಳು. ಒಳಗಿನಿಂದ ಜಗಳದ ಸದ್ದಿಲ್ಲ, ಅಳುವಿನ ಸದ್ದೂ ಇಲ್ಲ. ಯಾರೋ ಕುರ್ಚಿ ಎಳೆದದ್ದು ಮಾತ್ರ ಕೇಳಿಸಿತು. ಕಾಯಬೇಕೋ ಹೋಗಬೇಕೋ ತಿಳಿಯದೆ ಅವಳು ಅಲ್ಲೇ ಕುಳಿತಿದ್ದಳು. ಮೇಲಿನ ಮನೆಯವರೊಬ್ಬರು ಮೆಟ್ಟಿಲು ಹತ್ತುತ್ತ ಬಂದು, "ಯಾರ ಮನೆಗೆ ಬಂದಿದ್ದೀರಿ?" ಎಂದು ಕೇಳಿದರು. ಈ ಸಲ ಯಾರ ಹೆಸರನ್ನೂ ಹೇಳದೆ ಅವಳು ಎದ್ದು, ಸೀರೆ ಕೊಡವಿಕೊಂಡು, ಅವರಿಗೆ ದಾರಿ ಬಿಟ್ಟು ಕೆಳಗಿಳಿದಳು.